ಸಾಲ್ವೆಂಟ್ ಶೆಡ್ಡಿಗೆ ಮೂರು ಬಣ್ಣದ ಎಲ್‌ಇಡಿ ದೀಪ: ನನ್ನ ಅನುಭವ

ತುಮಕೂರಿನ ವಸಂತನರಸಾಪುರದಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಎಂಬ, ಬೇಗ ಹೊತ್ತಿಕೊಳ್ಳುವ ಸಾಲ್ವೆಂಟಿನ (ದ್ರಾವಕದ) ಡ್ರಮ್ ಇಡುವ ಶೆಡ್ಡಿಗೆ ಈ ದೀಪ ಕೂರಿಸಿದೆ. ಹಸಿರು ಇದ್ದರೆ ಎಲ್ಲ ಸರಿ, ಹಳದಿ ಬಂದರೆ ಎಕ್ಸಾಸ್ಟ್ ಫ್ಯಾನ್ ನಿಂತಿದೆ, ಕೆಂಪು ಬಂದರೆ ಆವಿ ಜಾಸ್ತಿಯಾಗಿದೆ, ಹೊರಗೆ ನಡೆಯಬೇಕು.

ಬಣ್ಣದ ಮಾತು ಆಮೇಲೆ, ಮೊದಲು ನೇಮ್‌ಪ್ಲೇಟ್. ಈ ಸಾಲ್ವೆಂಟು ಸುಮಾರು 12 ಡಿಗ್ರಿಯಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಗ್ಯಾಸ್ ಗ್ರೂಪ್ (ಆವಿ ಎಷ್ಟು ಸುಲಭವಾಗಿ ಸ್ಫೋಟಿಸುತ್ತದೆ ಎಂಬ ವರ್ಗ) ಐಐಎ, ಟೆಂಪರೇಚರ್ ಕ್ಲಾಸ್ (ಉಪಕರಣದ ಮೈ ಎಷ್ಟು ಬಿಸಿಯಾಗಬಹುದು ಎಂಬ ಮಿತಿ) ಟಿ2. ತಂದದ್ದು ಝೋನ್ 1ಕ್ಕೆ (ಮಾಮೂಲಿ ಕೆಲಸದಲ್ಲೂ ಆಗಾಗ ಇಂಥ ಆವಿ ಇರಬಹುದಾದ ಜಾಗಕ್ಕೆ) ಸಲ್ಲುವ ಫ್ಲೇಮ್‌ಪ್ರೂಫ್ ದೀಪ, ಅಂದರೆ ಒಳಗೆ ಹೊತ್ತಿದರೂ ಹೊರಗಿನ ಆವಿಗೆ ಬೆಂಕಿ ದಾಟಿಸದ್ದು: ಐಐಬಿ, ಟಿ6 (ಎರಡೂ ಬೇಕಾದದ್ದಕ್ಕಿಂತ ಬಿಗಿ), ಐಪಿ66 (ಧೂಳು, ನೀರು ಒಳಗೆ ಹೋಗದ್ದು), ಪೆಸೊ (ಸ್ಫೋಟಕ ಸುರಕ್ಷತೆಯ ಕೇಂದ್ರ ಸರ್ಕಾರಿ ಸಂಸ್ಥೆ) ಅನುಮೋದನೆ ಇರುವುದು. ಪ್ಲೇಟಿನ ಮೇಲೆ ಸುತ್ತಲಿನ ಉಷ್ಣತೆ ಬರೆದಿಲ್ಲವಾದರೆ ಮಿತಿ 40 ಡಿಗ್ರಿ ಎಂದೇ ಅರ್ಥ. ಏಪ್ರಿಲ್‌ನಲ್ಲಿ ತಗಡಿನ ಶೀಟಿನ ಕೆಳಗೆ ಅದು ಸಾಲದು. 55 ಎಂದು ನಮೂದಿಸಿದ್ದನ್ನೇ ಆರಿಸಿದೆ.

ಕೆಲವು ದೀಪಗಳಲ್ಲಿ ಹಳದಿ ಬರುವುದು ಕೆಂಪು, ಹಸಿರು ಎರಡೂ ಸೇರಿ. ಹಸಿರು ಚಿಪ್ ಸತ್ತರೆ ಹಳದಿ ಹೋಗಿ ಕೆಂಪು ಕಾಣುತ್ತದೆ, ಕಾರಣವಿಲ್ಲದೆ ಜನ ಓಡುತ್ತಾರೆ. ಹಾಗಾಗಿ ಹಳದಿಗೆ ಬೇರೆಯೇ ಚಿಪ್ ಇರುವುದನ್ನು ಕೇಳಿ ತರಿಸಿದೆ. ಕೆಂಪು–ಹಸಿರು ಗುರುತಾಗದವರೂ ಕೆಲಸಕ್ಕಿರುತ್ತಾರೆ, ಅದಕ್ಕೇ ಕೆಂಪನ್ನು ಸೆಕೆಂಡಿಗೊಮ್ಮೆ ಮಿನುಗಿಸಿದೆ, ಹಸಿರನ್ನು ಸ್ಥಿರ ಇಟ್ಟೆ. ಮೂರರಲ್ಲಿ ಒಂದು ಯಾವಾಗಲೂ ಉರಿಯುತ್ತಿರಬೇಕು. ಪೂರ್ತಿ ಕತ್ತಲಾದರೆ ಅದೂ ಫಾಲ್ಟೇ.

ಮೊದಲು 230 ವೋಲ್ಟ್ ಎಸಿ ಕೊಟ್ಟು ನೋಡಿದ್ದು ತಪ್ಪಾಯಿತು. ಹಸಿರು ಉರಿಯುವಾಗ ಕೆಂಪೂ ಮಂಕಾಗಿ ಹೊಳೆಯುತ್ತಿತ್ತು. 80 ಮೀಟರ್ ಕೇಬಲಿನಲ್ಲಿ ಎಸಿ ಇದ್ದಾಗ ಪಕ್ಕಪಕ್ಕದ ಕೋರ್‌ಗಳೇ (ಒಳತಂತಿಗಳೇ) ಕೆಪಾಸಿಟರ್‌ನಂತೆ ವರ್ತಿಸಿ ಕರೆಂಟ್ ದಾಟಿಸುತ್ತವೆ, ಎಲ್‌ಇಡಿಗೆ ಒಂದೆರಡು ಮಿಲಿಆಂಪ್ ಸಾಕು. 24 ವೋಲ್ಟ್ ಡಿಸಿ ಮಾದರಿಗೆ ಬದಲಿಸಿದ ಮೇಲೆ ಆ ಭೂತ ಬೆಳಕು ನಿಂತಿತು. 1.5 ಚದರ ಎಂಎಂ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 12 ಓಮ್. ಹೋಗಿಬರುವ 160 ಮೀಟರಿಗೆ 2 ಓಮ್ ಆಸುಪಾಸು, ಕಾಲು ಆಂಪ್‌ಗೆ ಅರ್ಧ ವೋಲ್ಟ್ ಇಳಿತ. ತೊಂದರೆಯಿಲ್ಲ. ಪವರ್ ಸಪ್ಲೈ, ಪಿಎಲ್‌ಸಿ (ದೀಪವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಎರಡೂ ಶೆಡ್ಡಿನಾಚೆ ಪ್ಯಾನೆಲ್ ರೂಮಿನಲ್ಲಿವೆ. ಒಂದು ಎಚ್ಚರಿಕೆ: ಪಿಎಲ್‌ಸಿ ಔಟ್‌ಪುಟ್ ಪಿಎನ್‌ಪಿ (ಪ್ಲಸ್ ಕೊಡುವ ಬಗೆ) ಆಗಿದ್ದರೆ ದೀಪದ ಕಾಮನ್, ಅಂದರೆ ಮೂರೂ ಬಣ್ಣಕ್ಕೆ ಸೇರಿದ ತಂತಿ, ಮೈನಸ್ ಇರಬೇಕು. ನಮಗೆ ಬಂದದ್ದು ಕಾಮನ್ ಪ್ಲಸ್, ಮಧ್ಯೆ ಮೂರು ರಿಲೇ (ಕರೆಂಟಿನಿಂದ ಓಡುವ ಸ್ವಿಚ್) ಹಾಕಬೇಕಾಯಿತು.

ಕೆಲಸ ಕೆಡುವುದು ಹೆಚ್ಚಾಗಿ ಗ್ಲ್ಯಾಂಡಿನಲ್ಲಿ, ಅಂದರೆ ಕೇಬಲ್ ದೀಪದೊಳಗೆ ಹೋಗುವಲ್ಲಿ ಅದನ್ನು ಬಿಗಿಹಿಡಿಯುವ ಜೋಡಣೆಯಲ್ಲಿ. ಎಂ20 ಎಂಟ್ರಿಗೆ (20 ಎಂಎಂ ಥ್ರೆಡ್ಡಿನ ತೂತಿಗೆ) ಕೇಬಲನ್ನು ಎರಡು ಕಡೆ ಬಿಗಿಯುವ ಡಬಲ್ ಕಂಪ್ರೆಷನ್ ಫ್ಲೇಮ್‌ಪ್ರೂಫ್ ಗ್ಲ್ಯಾಂಡೇ ಬೇಕು, ಕನಿಷ್ಠ ಐದು ಥ್ರೆಡ್ ಪೂರ್ತಿ ಕೂರಬೇಕು. ಸೀಲ್ ರಿಂಗು ಕೇಬಲಿನ ಒಳಗಿನ ಶೀತ್ (ಹೊದಿಕೆ) ದಪ್ಪಕ್ಕೆ ಒಪ್ಪದಿದ್ದರೆ ಟೇಪು ಸುತ್ತಿ ದಪ್ಪ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಸರ್ಟಿಫಿಕೇಟಿಗೆ ಬೆಲೆಯಿಲ್ಲ. ಬಳಸದ ಎಂಟ್ರಿಗೆ ಪ್ರಮಾಣಿತ ಪ್ಲಗ್ಗೇ ಹಾಕಬೇಕು, ಪ್ಲಾಸ್ಟಿಕ್ ಮುಚ್ಚಳ ಅಲ್ಲ. ದೀಪದ ಮುಚ್ಚಳ ಕೂರುವ ಲೋಹದ ಮುಖಕ್ಕೆ ಬಣ್ಣ ಬಳಿಯಬಾರದು, ಗೀರಾಗಬಾರದು. ತಯಾರಕರು ಹೇಳಿದ, ಗಟ್ಟಿಯಾಗದ ಗ್ರೀಸನ್ನು ತೆಳ್ಳಗೆ ಸವರಿದರೆ ಸಾಕು. ಹೊರಗಿನ ಅರ್ಥ್ ಬೋಲ್ಟಿಗೆ 4 ಚದರ ಎಂಎಂ ತಂತಿ ಕೊಟ್ಟೆ. ಮಳೆನೀರು ಇಳಿಯದಂತೆ ಕೇಬಲನ್ನು ಕೆಳಗಿನಿಂದ ಬಳುಕಿಸಿ ತಂದೆ.

ಪ್ಯಾನೆಲಿನಲ್ಲಿ ಲ್ಯಾಂಪ್ ಟೆಸ್ಟ್ ಬಟನ್ ಇದೆ. ಪಾಳಿ ಬದಲಾದಾಗ ಒತ್ತಿ ಮೂರೂ ಬಣ್ಣ ನೋಡುತ್ತಾರೆ. ಒಂದು ಬರದಿದ್ದರೂ ದೀಪ ಬಿಚ್ಚುವ ಮೊದಲು ಸಪ್ಲೈ ಕಡಿದು, ಬೀಗ ಹಾಕಿ, ಆವಿ ಇಲ್ಲವೆಂದು ಮೀಟರಿನಲ್ಲಿ ನೋಡಿಯೇ ಸ್ಪ್ಯಾನರ್ ಹಿಡಿಯುತ್ತೇವೆ.