ಪರದೇಶದ ಸಭೆಗಳಿಗೆ ಹೋಗಿ ಬಂದ ಮೇಲೆ ಧನ್ಯವಾದ ಹೇಳುವುದು ಹೇಗೆ

ಗಲ್ಫ್‌ನ ಕನ್ನಡ ಸಭೆಗಳಿಗೆ ಹೋಗಿ ಬರುವ ನಮ್ಮ ಕಡೆಯ ಯುವ ಪಾಸ್ಟರ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಬೀದರ ಜಿಲ್ಲೆಯಲ್ಲಿ ಮೆಥೋಡಿಸ್ಟ್ ಸಭೆಯ ಪಾಲಕ. ದುಬೈ, ಮಸ್ಕತ್‌ಗೆ ಹೋಗಿ ಅಲ್ಲಿನ ನಮ್ಮ ಜನರ ಜೊತೆ ಇದ್ದು ಬಂದವನು. ಹೋಗುವ ಮುಂಚೆ ಏನೇನು ಮಾಡಬೇಕು ಅಂತ ಹೇಳುವವರು ಬಹಳ ಜನ ಸಿಗುತ್ತಾರೆ. ಬಂದ ಮೇಲಿನ ಕೆಲಸದ ಬಗ್ಗೆ ಯಾರೂ ಮಾತಾಡುವುದಿಲ್ಲ. ಭಾನುವಾರ ಆರಾಧನೆಯಲ್ಲಿ ನಿಂತು "ಎಲ್ಲರಿಗೂ ವಂದನೆ" ಅಂದುಬಿಟ್ಟರೆ ಆಯಿತು ಅನ್ನುವ ರೂಢಿ ಬೆಳೆದಿದೆ. ಅಲ್ಲಿ ಉಂಡ ಅನ್ನದ ಋಣ ಅಷ್ಟಕ್ಕೆ ತೀರುತ್ತದಾ? ನಮಗೆ ಅಲ್ಲಿ ಊಟ ಹಾಕಿದವರ ತಾಯಿ ತಂದೆ ಇಲ್ಲೇ ಔರಾದದಲ್ಲಿ, ಚಿಟಗುಪ್ಪದಲ್ಲಿ, ಸೇಡಂನಲ್ಲಿ ಇದ್ದಾರೆ. ಅವರ ಮನೆಗೆ ಹೋದಾಗಲೇ ನಮ್ಮ ಧನ್ಯವಾದ ಮುಟ್ಟುತ್ತದೆ ಅಂತ ನಾನು ನಂಬಿದ್ದೇನೆ. ಅದಕ್ಕೆ ಮುಂಚೆ ಮಾಡುವ ಕೆಲಸಗಳೂ ಕೆಲವು ಇವೆ.

ಮೊದಲು ಹೆಸರು ಬರೆದುಕೊಳ್ಳಿ. ಹೈದರಾಬಾದಿನ ಶಂಶಾಬಾದ್ ಏರ್‌ಪೋರ್ಟಿನಲ್ಲಿ ಇಳಿದು ಜಹೀರಾಬಾದ್ ದಾಟಿ ಬೀದರ ಮುಟ್ಟುವಷ್ಟರಲ್ಲಿ ಈ ಕೆಲಸ ಮುಗಿದಿರಬೇಕು. ಮನೆಗೆ ಬಂದರೆ ಮದುವೆ, ಮಣ್ಣು, ಜಗಳ ಅಂತ ಜನ ಕಾಯುತ್ತಿರುತ್ತಾರೆ, ಹೆಸರು ಮರೆತುಹೋಗುತ್ತವೆ. ಬರೀ ಕಮಿಟಿಯವರ ಹೆಸರು ಸಾಲದು. ಮಧ್ಯರಾತ್ರಿ ಏರ್‌ಪೋರ್ಟಿಗೆ ಕಾರು ತಂದವನು, ತನ್ನ ಮಂಚ ನಿಮಗೆ ಬಿಟ್ಟು ನೆಲದ ಮೇಲೆ ಮಲಗಿದವನು, ದುಬೈಯ ಸೋನಾಪುರದ ಲೇಬರ್ ಕ್ಯಾಂಪಿನಲ್ಲಿ ಡ್ಯೂಟಿ ಮುಗಿಸಿ ಬಂದು ಬಟ್ಟೆ ಸಹ ಬದಲಿಸದೆ ಪ್ರಾರ್ಥನೆಗೆ ಕೂತವನು, ಇವರೆಲ್ಲ ಪಟ್ಟಿಯಲ್ಲಿ ಇರಬೇಕು. ಹೆಸರಿನ ಪಕ್ಕದಲ್ಲಿ ಅವರು ಏನು ಮಾಡಿದರು, ಅವರ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಅಂತ ಬರೆಯಿರಿ. ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ತೆಗೆದು ನೋಡಿ. ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ವಂದಿಸಿದ್ದಾನೆ. ರೂಫನ ತಾಯಿ ತನಗೂ ತಾಯಿ ಅನ್ನುತ್ತಾನೆ. ಪರಊರಲ್ಲಿ ಕೈತುತ್ತು ಉಂಡವನಿಗೆ ಬರುವ ಮಾತು ಅದು.

ಆಮೇಲೆ ಪತ್ರ. ವಾಟ್ಸಾಪ್‌ನಲ್ಲೇ ಕಳಿಸಿ, ಪರವಾಗಿಲ್ಲ, ಆದರೆ ಒಂದೇ ಮೆಸೇಜನ್ನು ಎಲ್ಲರಿಗೂ ಫಾರ್ವರ್ಡ್ ಮಾಡಬೇಡಿ. ಪ್ರತಿ ಪತ್ರದಲ್ಲೂ ಅವರಿಗೆ ಮಾತ್ರ ಸಲ್ಲುವ ಒಂದು ಮಾತು ಇರಲಿ. ನಾನು ಬರೆಯುವುದು ಹೀಗೆ:

"ಪ್ರೀತಿಯ ತಮ್ಮಾ, ದೇವರ ದಯದಿಂದ ಊರು ಮುಟ್ಟಿದೆ. ಆ ರಾತ್ರಿ ನನ್ನ ಮೊಣಕಾಲು ನೋಯುತ್ತಿತ್ತು. ನಾನು ಕೇಳದೇ ಇದ್ದರೂ ನೀನು ಬಿಸಿನೀರು ಕಾಯಿಸಿ ತಂದೆ. ನನಗೆ ನೆನಪಿದೆ. ಮುಂದಿನ ವಾರ ನಿಮ್ಮ ಊರ ಕಡೆ ಹೋಗುತ್ತೇನೆ. ಅವ್ವನಿಗೆ ಏನು ಹೇಳಲಿ?"

ಇಷ್ಟೇ ಸಾಕು. ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಫೋನ್ ಮಾಡುವುದಾದರೆ ದುಬೈ, ಮಸ್ಕತ್ ನಮಗಿಂತ ಒಂದೂವರೆ ತಾಸು ಹಿಂದೆ ಅನ್ನುವುದು ನೆನಪಿರಲಿ. ನೀವು ಬೆಳಗಿನ ಪ್ರಾರ್ಥನೆ ಮುಗಿಸಿ ಆರಕ್ಕೆ ಫೋನ್ ಹಚ್ಚಿದರೆ ಅಲ್ಲಿ ನಾಲ್ಕೂವರೆ. ಒಮಾನ್‌ನಲ್ಲಿ ರಜೆ ಶುಕ್ರವಾರ, ಶನಿವಾರ. ಯುಎಇಯಲ್ಲಿ 2022ರಿಂದ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಗಿದೆ.

ಜಾಗ ಕೊಟ್ಟ ಚರ್ಚಿಗೂ ಒಂದು ಪತ್ರ ಹೋಗಬೇಕು. ದುಬೈಯ ಔದ್ ಮೇಥಾದ ಹೋಲಿ ಟ್ರಿನಿಟಿ ಚರ್ಚ್ ಇರಲಿ, ಮಸ್ಕತ್‌ನ ರುವಿಯ ಚರ್ಚ್ ಇರಲಿ, ಒಂದೇ ಕಾಂಪೌಂಡಿನಲ್ಲಿ ಎಷ್ಟೋ ಭಾಷೆಯ ಸಭೆಗಳು ಸರದಿಯಲ್ಲಿ ಸೇರುತ್ತವೆ. ನಮ್ಮವರಿಗೆ ಸಿಗುವ ಆ ಒಂದೆರಡು ತಾಸು ಬಹಳ ದೊಡ್ಡದು. ಒಮಾನ್‌ನಲ್ಲಿ ಚರ್ಚಿಗೆ ಭೂಮಿ ಕೊಟ್ಟವರು ಸುಲ್ತಾನರು. ನಾವು ಪ್ರಾರ್ಥನೆಯಲ್ಲಿ ಅವರ ದೇಶವನ್ನೂ ನೆನೆಯುತ್ತೇವೆ. ಆಡಳಿತದವರಿಗೆ ಏನಾದರೂ ಕೊಡಬೇಕು ಅನ್ನಿಸಿದರೆ ಸಣ್ಣ ಬಿದರಿ ತಟ್ಟೆ ಕಳಿಸಿ. ನಮ್ಮ ಕೋಟೆಯ ಮಣ್ಣಿನಿಂದ ಅದಕ್ಕೆ ಆ ಕಪ್ಪು ಬಣ್ಣ ಬರುತ್ತದೆ ಅಂತ ಒಂದು ಸಾಲು ಬರೆದಿಡಿ.

ಫೋಟೋ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಧನ್ಯವಾದ ಹೇಳುವ ಹುರುಪಿನಲ್ಲಿ ಕ್ಯಾಂಪಿನ, ಮನೆಯ ಕೂಟದ ಫೋಟೋಗಳನ್ನು ಫೇಸ್‌ಬುಕ್ಕಿಗೆ ಹಾಕಬೇಡಿ. ಯುಎಇಯಲ್ಲಿ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಫೋಟೋ ಹಾಕುವುದು ಅಪರಾಧ. ನೀವು ಇಲ್ಲಿ ಆರಾಮಾಗಿ ಇರುತ್ತೀರಿ, ಕೆಲಸ ಕಳೆದುಕೊಳ್ಳುವವರು ಅವರು.

ದುಡ್ಡಿನ ಮಾತೂ ಬಂದೇ ಬರುತ್ತದೆ. "ನಮ್ಮ ಊರ ಚರ್ಚಿಗೆ ಏನಾದರೂ ಕೊಡುತ್ತೇವೆ" ಅನ್ನುವವರಿಗೆ ಮೊದಲು ವಂದನೆ ಹೇಳಿ, ಆಮೇಲೆ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ಭಾರತದ ಪೌರರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ತಗೊಂಡವರು ಕೊಟ್ಟರೆ, ಅವರು ಹುಮನಾಬಾದದಲ್ಲೇ ಹುಟ್ಟಿದ್ದರೂ, ಅದು ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಗೆ ಬರುತ್ತದೆ. ನೋಂದಣಿ ಅಥವಾ ಮೊದಲೇ ಪಡೆದ ಅನುಮತಿ ಇಲ್ಲದೆ ಸಭೆ ಅದನ್ನು ಮುಟ್ಟುವಂತಿಲ್ಲ. ಅಲ್ಲಿ ಇರುವಾಗ ನೀವಾಗಿಯೇ ಚಂದಾ ಎತ್ತುವುದಂತೂ ಬೇಡವೇ ಬೇಡ. ಯುಎಇಯಲ್ಲಿ ಅನುಮತಿ ಇಲ್ಲದೆ ದೇಣಿಗೆ ಸಂಗ್ರಹಿಸುವುದು ಕಾನೂನಿಗೆ ವಿರುದ್ಧ. ಪ್ರಯಾಣಕ್ಕೆ ಬಂದ ಹಣ, ಆದ ಖರ್ಚು ಎರಡನ್ನೂ ಬರೆದು ಡಿ.ಎಸ್. (ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್) ಅವರಿಗೂ ಸಭೆಯ ಕಮಿಟಿಗೂ ಕೊಡಿ.

ನೀವು ಇಲ್ಲದಾಗ ಆರಾಧನೆ ನಡೆಸಿದವರನ್ನು, ಮಣ್ಣಿಗೆ ಹೋಗಿ ಪ್ರಾರ್ಥನೆ ಮಾಡಿದ ಹಿರಿಯರನ್ನು ಮೊದಲ ಭಾನುವಾರವೇ ಎದ್ದು ನಿಲ್ಲಿಸಿ ವಂದಿಸಿ. ಮನೆಯವಳಿಗೆ ಮನೆಯಲ್ಲೇ ಹೇಳಿ.

ಈಗ ಮುಖ್ಯವಾದ ಕೆಲಸ, ಮನೆಗಳಿಗೆ ಹೋಗುವುದು. ಪಟ್ಟಿಯಲ್ಲಿರುವ ಊರುಗಳನ್ನು ಬಸ್ಸಿನ ದಾರಿಯಂತೆ ವಿಂಗಡಿಸಿಕೊಳ್ಳಿ. ಫೋನ್ ಮಾಡಿಯೇ ಹೋಗಿ. ಪಾಸ್ಟರು ಹೇಳದೆ ಬಾಗಿಲಿಗೆ ಬಂದರೆ, ಗಲ್ಫ್‌ನಲ್ಲಿ ಮಗನಿಗೆ ಏನಾದರೂ ಆಯಿತೇನೋ ಅಂತ ತಾಯಂದಿರಿಗೆ ಎದೆ ಝಲ್ ಅನ್ನುತ್ತದೆ. ಔರಾದ ಹತ್ತಿರದ ಒಂದು ಮನೆಯಲ್ಲಿ ನಾನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಆ ತಾಯಿ ಕೇಳಿದರು: "ನನ್ ಮಗ ಹ್ಯಾಂಗ ಹಾನ್ರಿ? ಸೊರಗ್ಯಾನೇನು?" ಸಭೆ ಎಷ್ಟು ದೊಡ್ಡದು, ಎಷ್ಟು ಜನ ಸೇರಿದ್ದರು ಅನ್ನುವುದು ಅವರಿಗೆ ಬೇಕಾಗಿರಲಿಲ್ಲ. ನಾನು ಮಗನ ಅಡುಗೆ ಬಗ್ಗೆ ಹೇಳಿದೆ. ನಾಲ್ಕು ಜನರ ಖೋಲಿಯಲ್ಲಿ ಅವನೇ ಬೇಳೆ ಮಾಡುತ್ತಾನೆ, ಒಗ್ಗರಣೆಗೆ ಬಳ್ಳೊಳ್ಳಿ ಜಾಸ್ತಿ ಹಾಕುತ್ತಾನೆ, ಎಲ್ಲರಿಗೂ ಬಡಿಸಿ ಕೊನೆಗೆ ತಾನು ಕೂರುತ್ತಾನೆ ಅಂದೆ. "ಬಳ್ಳೊಳ್ಳಿ ನಾನೇ ಕಲಿಸಿದ್ದು" ಅಂದರು, ಸೆರಗಿನಿಂದ ಕಣ್ಣು ಒರೆಸಿಕೊಂಡು. ಇಂಥದ್ದನ್ನು ಹೇಳಲಿಕ್ಕಾಗಿಯೇ ಅಲ್ಲಿರುವಾಗ ಕಣ್ಣು ತೆರೆದು ನೋಡಬೇಕು. ಖೋಲಿ ಹೇಗಿದೆ, ಯಾರ ಜೊತೆ ಇದ್ದಾನೆ, ಚರ್ಚಿನಲ್ಲಿ ಎಲ್ಲಿ ಕೂರುತ್ತಾನೆ.

ಮಗ ನಿಮ್ಮ ಹತ್ತಿರ ಮನಸ್ಸು ಬಿಚ್ಚಿ ಹೇಳಿದ್ದನ್ನು ಮಾತ್ರ ಹೊರಗೆ ಬಿಡಬೇಡಿ. ಸಂಬಳ ತಡವಾಗಿದ್ದು, ಸಾಲ, ಕುಡಿತ ಯಾವುದೇ ಇರಲಿ, ಅದು ಅವನು ಹೇಳಬೇಕಾದ ಮಾತು. ತಾಯಿ ಒತ್ತಿ ಕೇಳಿದರೆ ಸುಳ್ಳು ಹೇಳಬೇಡಿ, "ಅವನಿಗೇ ಫೋನ್ ಹಚ್ಚೋಣ ಬರ್ರಿ" ಅಂತ ಅಲ್ಲೇ ಕೂತು ವಿಡಿಯೋ ಕಾಲ್ ಮಾಡಿಸಿ. ಹಾಗೆಯೇ "ಮದುವೆಗೆ ಒಪ್ಪಿಸ್ರಿ", "ಮನೆ ಕಟ್ಟಲಿಕ್ಕೆ ಹೇಳ್ರಿ" ಅನ್ನುವ ಮಾತುಗಳು ಬರುತ್ತವೆ. ಮುಟ್ಟಿಸಿ, ವಕಾಲತ್ತು ಬೇಡ.

ಹೊರಡುವಾಗ ಒಂದು ಗಂಟು ನಿಮ್ಮ ಕೈಗೆ ಬರುವುದು ಖಂಡಿತ. ರಜೆಗೆ ಬಂದು ವಾಪಸ್ ಹೋಗುವವರ ಕೈಯಲ್ಲಿ ಕಳಿಸುತ್ತೇನೆ ಅಂತ ಒಪ್ಪಿಕೊಳ್ಳಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆ ಚೆನ್ನಾಗಿ ಹೋಗುತ್ತವೆ. ಎಣ್ಣೆ ಉಪ್ಪಿನಕಾಯಿ ಸೋರುತ್ತದೆ. ಗಸಗಸೆ ಹಾಕಿದ ಒಂದು ಕರಿಗಡಬು ಕೂಡ ಇರಬಾರದು. ಯುಎಇಯಲ್ಲಿ ಗಸಗಸೆ ನಿಷೇಧ, ಸಿಕ್ಕಿದರೆ ಒಯ್ದವನು ಜೈಲಿಗೆ ಹೋಗಬೇಕಾಗಬಹುದು. ಗಂಟನ್ನು ಆ ತಾಯಿಯ ಮುಂದೆಯೇ ಬಿಚ್ಚಿ, ಏನೇನು ಹಾಕಿದ್ದೀರಿ ಅಂತ ಕೇಳಿ, ಅವರ ಕೈಯಿಂದಲೇ ಮತ್ತೆ ಕಟ್ಟಿಸಿ, ಮೇಲೆ ಮಗನ ಹೆಸರು ಬರೆಯಿರಿ.