ಝೀರೋ ಟರ್ನ್ ಮೋವರ್: ಎಕರೆಗೆ ಎಷ್ಟು ಇಂಧನ ಎಂದು ಅಳೆಯುವುದು, ಇಳಿಸುವುದು ಹೇಗೆ?

ದೊಡ್ಡ ಝೀರೋ ಟರ್ನ್ ಮೋವರ್, ಅಂದರೆ ನಿಂತಲ್ಲೇ ತಿರುಗಬಲ್ಲ ಹುಲ್ಲು ಕತ್ತರಿಸುವ ಯಂತ್ರ, ಕೊಳ್ಳುವವರೂ ಅದನ್ನು ದಿನವಿಡೀ ಓಡಿಸುವವರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಗಂಟೆಗೆ ಎಷ್ಟು ಕುಡಿಯುತ್ತದೆ? 25ರಿಂದ 35 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಮತ್ತು 60 ಅಥವಾ 72 ಅಂಗುಲದ ಡೆಕ್ (ಬ್ಲೇಡುಗಳನ್ನು ಮುಚ್ಚಿರುವ ಕತ್ತರಿಸುವ ಭಾಗ) ಇರುವ ಯಂತ್ರಕ್ಕೆ ಸಾಮಾನ್ಯವಾಗಿ ಗಂಟೆಗೆ 4ರಿಂದ 7 ಲೀಟರ್ ಬೇಕಾಗುತ್ತದೆ. ಹೆಚ್ಚುಕಡಿಮೆ ಅದೇ ದರ್ಜೆಯ ಡೀಸೆಲ್ ಯಂತ್ರ 3ರಿಂದ 4.5 ಲೀಟರಿನಲ್ಲಿ ನಡೆಯುತ್ತದೆ. ಆದರೆ ಈ ಉತ್ತರದಿಂದ ಖರ್ಚಿನ ಅಂದಾಜು ಅರ್ಧ ಮಾತ್ರ ಸಿಗುತ್ತದೆ. ಗಂಟೆಗೆ 6 ಲೀಟರ್ ಸುಟ್ಟು 4 ಎಕರೆ ಮುಗಿಸುವ ಯಂತ್ರಕ್ಕೆ ಎಕರೆಗೆ ಒಂದೂವರೆ ಲೀಟರ್ ತಗಲಿದರೆ, ಗಂಟೆಗೆ 5 ಲೀಟರ್ ಸುಟ್ಟು ಎರಡೂವರೆ ಎಕರೆಯಲ್ಲೇ ಉಳಿಯುವ ಯಂತ್ರಕ್ಕೆ 2 ಲೀಟರ್ ತಗಲುತ್ತದೆ. ಆದ್ದರಿಂದ ಈ ಬರಹದಲ್ಲಿ ಲೆಕ್ಕವೆಲ್ಲ ಎಕರೆಯ ಮೇಲೆಯೇ ಇದೆ.

ಅಳೆಯುವ ಮೊದಲು ಕಾಗದದ ಮೇಲೊಂದು ಅಂದಾಜು ಹಾಕಿಕೊಳ್ಳುವುದು ಒಳ್ಳೆಯದು. 25 ಅಶ್ವಶಕ್ತಿ ಎಂದರೆ ಸುಮಾರು 18.6 ಕಿಲೋವ್ಯಾಟ್. ಎಂಜಿನ್ ಇಡೀ ದಿನ ಪೂರ್ಣ ಶಕ್ತಿಯಲ್ಲಿ ದುಡಿಯುವುದಿಲ್ಲವಾದ್ದರಿಂದ ಸರಾಸರಿ ಹೊರೆ ಶೇ. 60 ಎಂದಿಟ್ಟುಕೊಂಡರೆ 11.2 ಕಿಲೋವ್ಯಾಟ್ ಆಗುತ್ತದೆ. ಗಾಳಿಯಿಂದ ತಂಪಾಗುವ ಸಣ್ಣ ಪೆಟ್ರೋಲ್ ಎಂಜಿನ್ನುಗಳು ಪ್ರತಿ ಕಿಲೋವ್ಯಾಟ್ ಗಂಟೆಗೆ ಸುಮಾರು 350 ಗ್ರಾಂ ಪೆಟ್ರೋಲ್ ಬಳಸುತ್ತವೆ. ಹಾಗಾಗಿ ಗಂಟೆಗೆ 3.9 ಕಿಲೋ, ಅಂದರೆ 5.3 ಲೀಟರ್. ಇನ್ನು 60 ಅಂಗುಲದ ಡೆಕ್ಕಿನ ಅಗಲ 1.52 ಮೀಟರ್, ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಒಂದಿಷ್ಟೂ ವ್ಯರ್ಥವಾಗದೆ ಹೋದರೆ ಗಂಟೆಗೆ 3.8 ಎಕರೆ ಮುಗಿಯಬೇಕು. ತಿರುವು ಮತ್ತು ಸಾಲಿನ ಮೇಲೆ ಸಾಲು ಏರುವುದಕ್ಕೆಂದು ಐದರಲ್ಲೊಂದು ಪಾಲು ಕಳೆದರೆ ಉಳಿಯುವುದು 3 ಎಕರೆ. ಎಕರೆಗೆ 1.8 ಲೀಟರ್ ಎಂಬ ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡು ನಿಮ್ಮ ಯಂತ್ರದ ನಿಜವಾದ ಅಳತೆಗೆ ಇಳಿಯಿರಿ.

ಅಳತೆಯ ವಿಧಾನ ಸರಳವೇ, ಆದರೆ ಅಜಾಗರೂಕತೆಗೆ ಆಸ್ಪದವಿಲ್ಲ. ಯಂತ್ರವನ್ನು ಸಮತಟ್ಟಾದ ಒಂದು ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿದ್ದ ಜಾಗವನ್ನು ಗುರುತು ಹಾಕಿಕೊಳ್ಳಿ. ಎಂಜಿನ್ ತಣ್ಣಗಾದ ಮೇಲೆ, ಟ್ಯಾಂಕಿನ ಕುತ್ತಿಗೆಯ ಕೆಳಗಿನ ಅಂಚಿನವರೆಗೆ ನಿಧಾನವಾಗಿ ತುಂಬಿಸಿ, ನೊರೆ ಇಳಿಯುವವರೆಗೆ ಕಾದು, ಮಟ್ಟವನ್ನು ಮತ್ತೊಮ್ಮೆ ನೋಡಿ. ಎಂಜಿನ್ ಓಡಿದ ಗಂಟೆಗಳನ್ನು ತೋರಿಸುವ ಅವರ್ ಮೀಟರಿನ ಅಂಕಿಯನ್ನು ಬರೆದುಕೊಂಡು, ವಿಸ್ತೀರ್ಣ ಸರಿಯಾಗಿ ಗೊತ್ತಿರುವ ಜಾಗವನ್ನು ಕತ್ತರಿಸಿ, ಮರಳಿ ಅದೇ ಗುರುತಿನ ಮೇಲೆ, ಅದೇ ದಿಕ್ಕಿಗೆ ನಿಲ್ಲಿಸಿ, ಅಳತೆಯ ಗೆರೆಗಳಿರುವ ಡಬ್ಬಿಯಿಂದ ಅದೇ ಮಟ್ಟಕ್ಕೆ ತುಂಬಿಸಿ. ಅರ್ಧ ಎಕರೆಯ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಟ್ಯಾಂಕಿನ ಮಟ್ಟದಲ್ಲಿ ಅರ್ಧ ಲೀಟರ್ ಆಚೀಚೆಯಾದರೂ ಇಡೀ ಲೆಕ್ಕ ಕೆಡುತ್ತದೆ. ಕಡಿಮೆಯೆಂದರೆ ನಾಲ್ಕು ಗಂಟೆಯ ಕೆಲಸ ಇರಲಿ.

ಹಲವು ವಾಣಿಜ್ಯ ಮಾದರಿಗಳಲ್ಲಿ ಎಡಬಲಕ್ಕೆ ಎರಡು ಟ್ಯಾಂಕುಗಳೂ, ಯಾವುದರಿಂದ ಇಂಧನ ಬರಬೇಕೆಂದು ಆರಿಸುವ ವಾಲ್ವೂ ಇರುತ್ತವೆ. ನಾನು ಮೊದಲ ಸಲ ಅಳೆದಾಗ ಗಂಟೆಗೆ ಬರೀ 2 ಲೀಟರ್ ಎಂಬ ಉತ್ತರ ಬಂದು ಖುಷಿಪಟ್ಟಿದ್ದೆ. ಯಾರೋ ನಡುವೆ ವಾಲ್ವ್ ತಿರುಗಿಸಿದ್ದರಿಂದ ಯಂತ್ರ ಬಹುಪಾಲು ಹೊತ್ತು ಇನ್ನೊಂದು ಟ್ಯಾಂಕಿನಿಂದ ಕುಡಿದಿತ್ತು ಎಂಬುದು ಮರುದಿನ ತಿಳಿಯಿತು. ಅಳತೆಯ ದಿನ ಒಂದೇ ಟ್ಯಾಂಕನ್ನು ಬಳಸಿ, ವಾಲ್ವಿಗೆ ಟೇಪು ಸುತ್ತಿಬಿಡಿ.

ಇನ್ನು ಇಂಧನ ಹೋಗುವುದೆಲ್ಲಿಗೆ ಎಂಬ ವಿಚಾರ. ಯಂತ್ರವನ್ನು ಮುಂದಕ್ಕೆ ಒಯ್ಯುವ ಎರಡು ಹೈಡ್ರಾಲಿಕ್ ಪಂಪುಗಳು ಮತ್ತು ಮೋಟಾರುಗಳು ಒಂದು ಪಾಲು ತೆಗೆದುಕೊಳ್ಳುತ್ತವೆ. ಆದರೆ ದೊಡ್ಡ ಪಾಲು ಬ್ಲೇಡುಗಳದು. ಬ್ಲೇಡಿನ ತುದಿ ಸೆಕೆಂಡಿಗೆ 90 ಮೀಟರಿನ ಆಸುಪಾಸಿನಲ್ಲಿ ಸುತ್ತುತ್ತಾ ಹುಲ್ಲನ್ನು ಕತ್ತರಿಸುವುದಷ್ಟೇ ಅಲ್ಲದೆ, ಅದನ್ನು ನೆಟ್ಟಗೆ ಎತ್ತಿ ನಿಲ್ಲಿಸಲು ಬೇಕಾದ ಗಾಳಿಯನ್ನೂ ಫ್ಯಾನಿನಂತೆ ಎಳೆಯುತ್ತದೆ. ಹುಲ್ಲು ಸಿಗಲಿ, ಸಿಗದಿರಲಿ, ಆ ಗಾಳಿಗೆ ಶಕ್ತಿ ಕೊಡಲೇಬೇಕು. ಒಂದು ತುಣುಕು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಬ್ಲೇಡುಗಳನ್ನು ನಿಲ್ಲಿಸಬೇಕೆನ್ನುವುದು ಮೊದಲಿಗೆ ಸುರಕ್ಷತೆಗಾಗಿ, ಜೊತೆಗೆ ಇಂಧನಕ್ಕಾಗಿ.

ಬ್ಲೇಡು ಮೊಂಡಾಗಿದೆಯೇ ಎಂದು ತಿಳಿಯಲು ಯಂತ್ರವನ್ನು ಎತ್ತುವ ಮೊದಲೇ ಒಂದು ದಾರಿಯಿದೆ. ಈಗಷ್ಟೇ ಕತ್ತರಿಸಿದ ಜಾಗದಲ್ಲಿ ಕುಳಿತು ಹತ್ತಾರು ಎಸಳುಗಳ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಹರಿತವಾದ ಬ್ಲೇಡು ಕತ್ತರಿಸಿದ ತುದಿ ಕತ್ತರಿಯಲ್ಲಿ ಕತ್ತರಿಸಿದ ಕಾಗದದಂತೆ ನೇರವಾಗಿರುತ್ತದೆ. ಮೊಂಡು ಬ್ಲೇಡಿನ ತುದಿಯಲ್ಲಿ ಬಿಳಿ ನಾರುಗಳು ಎಳೆಯೆಳೆಯಾಗಿ ಜೋತಾಡುತ್ತವೆ, ಒಂದೆರಡು ದಿನಗಳಲ್ಲಿ ಹುಲ್ಲುಹಾಸಿನ ಮೇಲೆಲ್ಲ ಕಂದು ಛಾಯೆ ಹರಡುತ್ತದೆ. ಹುಲ್ಲನ್ನು ಹರಿದು ತೆಗೆಯುವುದಕ್ಕೆ ಕತ್ತರಿಸುವುದಕ್ಕಿಂತ ಹೆಚ್ಚು ಬಲ ಬೇಕು, ಆ ಬಲ ಟ್ಯಾಂಕಿನಿಂದಲೇ ಬರಬೇಕು. ದಿನವಿಡೀ ಕೆಲಸ ಮಾಡುವ ಯಂತ್ರಕ್ಕೆ ವಾರಕ್ಕೊಮ್ಮೆಯಾದರೂ ಸಾಣೆ ಹಿಡಿಸಬೇಕು. ಮರಳು ನೆಲವಾದರೆ ಅದಕ್ಕೂ ಮೊದಲು. ಬ್ಲೇಡು ಬಿಚ್ಚುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ತಂತಿಗಳನ್ನು ಕಿತ್ತಿಡಿ. ಸಾಣೆಯ ನಂತರ ಎರಡೂ ಕಡೆಯ ತೂಕ ಸಮವಾಗಿರುವುದನ್ನು ಖಚಿತಪಡಿಸಿಕೊಳ್ಳಿ.

ಅದೇ ಹೊತ್ತಿನಲ್ಲಿ ಡೆಕ್ಕಿನ ಅಡಿಯಲ್ಲಿ ಮೆತ್ತಿಕೊಂಡಿರುವ ಹುಲ್ಲಿನ ಗಟ್ಟಿ ಪದರವನ್ನು ಕೆರೆದು ತೆಗೆಯಿರಿ, ಏಕೆಂದರೆ ಗಾಳಿಯ ದಾರಿ ಕಿರಿದಾದಷ್ಟೂ ಕತ್ತರಿಸಿದ ಹುಲ್ಲು ಹೊರಗೆ ಹಾರದೆ ಬ್ಲೇಡಿಗೇ ಮತ್ತೆ ಮತ್ತೆ ಸಿಗುತ್ತದೆ. ಡೆಕ್ಕಿನ ಓರೆಯನ್ನೂ ಅಳೆಯಿರಿ. ಬ್ಲೇಡಿನ ಮುಂದಿನ ತುದಿ ಹಿಂದಿನದಕ್ಕಿಂತ ಸಾಮಾನ್ಯವಾಗಿ 3ರಿಂದ 6 ಮಿಲಿಮೀಟರ್ ತಗ್ಗಿನಲ್ಲಿರಬೇಕು. ಹಾಗಿಲ್ಲದಿದ್ದರೆ ಮುಂದೆ ಕತ್ತರಿಸಿದ ಹುಲ್ಲನ್ನೇ ಹಿಂಭಾಗ ಎರಡನೆಯ ಸಲ ಉಜ್ಜುತ್ತದೆ. ಒಂದು ಟೈರಿನಲ್ಲಿ ಗಾಳಿ ಇಳಿದರೂ ಈ ಓರೆ ಕೆಡುತ್ತದೆ. ಆದ್ದರಿಂದ ಮೊದಲು ಟೈರುಗಳಿಗೆ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ತುಂಬಿ, ಆಮೇಲೆ ಡೆಕ್ ಅಳೆಯಿರಿ.

ಥ್ರಾಟಲ್ (ಎಂಜಿನ್ನಿನ ಸುತ್ತನ್ನು ಏರಿಸಿ ಇಳಿಸುವ ಹಿಡಿ) ಇಳಿಸಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಅದರಲ್ಲಿ ನಿಜಾಂಶವಿಲ್ಲವೆಂದಲ್ಲ: ಫ್ಯಾನಿಗೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ಸುತ್ತು ಸ್ವಲ್ಪ ಕಡಿಮೆಯಾದರೂ ಗಾಳಿಯ ಹೊರೆ ಸಾಕಷ್ಟು ಇಳಿಯುತ್ತದೆ. ಆದರೆ ದಟ್ಟ ಹುಲ್ಲಿನಲ್ಲಿ ಹಾಗೆ ಮಾಡಿದರೆ ಹುಲ್ಲು ಏಳುವುದಿಲ್ಲ, ಹಿಂದೆ ಗೆರೆಗೆರೆಯಾಗಿ ಉಳಿದುಬಿಡುತ್ತದೆ, ಅದೇ ಜಾಗದ ಮೇಲೆ ಮತ್ತೆ ಓಡಿಸಬೇಕಾಗುತ್ತದೆ. ಎರಡನೆಯ ಓಟ ಎಂದರೆ ಎಕರೆಯ ಖರ್ಚು ಹತ್ತಿರ ಹತ್ತಿರ ದುಪ್ಪಟ್ಟು. ಅಲ್ಲದೆ ಎಂಜಿನ್ನಿಗೂ ಹೈಡ್ರಾಲಿಕ್ ಪಂಪುಗಳಿಗೂ ತಂಪು ಗಾಳಿ ಸಿಗುವುದು ಅದೇ ಸುತ್ತಿನಿಂದ. ನನ್ನ ಅಭಿಪ್ರಾಯದಲ್ಲಿ ಥ್ರಾಟಲನ್ನು ಪೂರ್ತಿ ಇಟ್ಟು, ಲಿವರುಗಳಿಂದ ಓಟದ ವೇಗವನ್ನು ಹೊಂದಿಸುವುದೇ ಲೇಸು. ಎಂಜಿನ್ನಿನ ದನಿ ಕುಗ್ಗದೆ, ಹಿಂದೆ ಹುಲ್ಲು ಉಳಿಯದೆ ಎಷ್ಟು ವೇಗವಾಗಿ ಹೋಗಬಹುದೋ ಅಷ್ಟು ವೇಗದಲ್ಲಿ ಎಕರೆಗೆ ಇಂಧನ ಅತಿ ಕಡಿಮೆ. ಹುಲ್ಲು ಎತ್ತರ ಬೆಳೆದಿದ್ದರೆ ಒಂದೇ ಸಲ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಇಬ್ಬನಿ ಆರಿದ ಮೇಲೆ ಶುರುಮಾಡಿ.

ಸಾಲು ಹಾಕುವ ದಿಕ್ಕನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 100 ಮೀಟರ್ ಉದ್ದ, 40 ಮೀಟರ್ ಅಗಲದ, ಅಂದರೆ ಹತ್ತಿರ ಹತ್ತಿರ ಒಂದು ಎಕರೆಯ ಮೈದಾನವನ್ನು ತೆಗೆದುಕೊಳ್ಳಿ. ಪ್ರತಿ ಸಾಲಿಗೆ 1.4 ಮೀಟರ್ ಹೊಸ ಹುಲ್ಲು ಸಿಗುತ್ತದೆ ಎಂದಾದರೆ, ಉದ್ದಕ್ಕೆ ಹೋದಾಗ 29 ಸಾಲು, 28 ತಿರುವು. ಅಡ್ಡಕ್ಕೆ ಹೋದಾಗ 72 ಸಾಲು, 71 ತಿರುವು. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ನೇರ ಓಟಕ್ಕೆ ಎರಡರಲ್ಲೂ ಸುಮಾರು 17 ನಿಮಿಷ. ತಿರುವಿಗೆ 5 ಸೆಕೆಂಡಿನಂತೆ ಸೇರಿಸಿದರೆ ಮೊದಲನೆಯದು ಹತ್ತೊಂಬತ್ತೂವರೆ ನಿಮಿಷದಲ್ಲಿ, ಎರಡನೆಯದು 23 ನಿಮಿಷದಲ್ಲಿ ಮುಗಿಯುತ್ತದೆ. ಅಷ್ಟೂ ಹೊತ್ತು ಬ್ಲೇಡುಗಳು ಸುತ್ತುತ್ತಲೇ ಇರುತ್ತವೆ. ಹಾಗೆಯೇ ಸಾಲಿನ ಮೇಲೆ 10 ಸೆಂಟಿಮೀಟರ್ ಏರಿಸುವ ಬದಲು 20 ಏರಿಸಿದರೆ ಓಟ ಸುಮಾರು ಶೇ. 7.5ರಷ್ಟು ಹೆಚ್ಚುತ್ತದೆ. ಒಂದೇ ದಿಕ್ಕಿನಲ್ಲಿ ಪ್ರತಿ ವಾರ ಓಡಿಸಿದರೆ ಚಕ್ರದ ಜಾಡು ಮೂಡುತ್ತದೆ ನಿಜ. ಅದಕ್ಕೆ ಆಗೊಮ್ಮೆ ಈಗೊಮ್ಮೆ ದಿಕ್ಕು ಬದಲಿಸಿದರೆ ಸಾಕು.

ಎಂಜಿನ್ನಿನ ವಿಚಾರ ಚಿಕ್ಕದು. ಕಾರ್ಬ್ಯುರೇಟರ್ ಇರುವ ಯಂತ್ರದಲ್ಲಿ ಏರ್ ಫಿಲ್ಟರ್ ಕಟ್ಟಿಕೊಂಡರೆ ಅಥವಾ ಚೋಕ್ ಪೂರ್ತಿ ತೆರೆಯದಿದ್ದರೆ ಕಪ್ಪು ಹೊಗೆ ಬರುತ್ತದೆ, ಸ್ಪಾರ್ಕ್ ಪ್ಲಗ್ಗಿನ ಮೇಲೆ ಒಣ ಮಸಿ ಕೂರುತ್ತದೆ. ಎಂಜಿನ್ ಆಯಿಲ್ ಮಟ್ಟ ತಾನಾಗಿಯೇ ಏರಿದ್ದು, ಅದರಲ್ಲಿ ಪೆಟ್ರೋಲ್ ವಾಸನೆ ಬಂದರೆ, ಕಾರ್ಬ್ಯುರೇಟರಿನಿಂದ ಇಂಧನ ಒಳಗೆ ಸೋರುತ್ತಿದೆ ಎಂದರ್ಥ. ದುರಸ್ತಿಯಾಗಿ ಆಯಿಲ್ ಬದಲಾಗುವವರೆಗೆ ಯಂತ್ರ ಚಾಲೂ ಮಾಡಬಾರದು.

ಹೊಸ ಯಂತ್ರ ಆರಿಸುವವರಿಗೆ ಎರಡು ಮಾತು. ಮೇಲಿನ 11.2 ಕಿಲೋವ್ಯಾಟ್ ಕೆಲಸಕ್ಕೇ ಡೀಸೆಲ್ ಎಂಜಿನ್ ಗಂಟೆಗೆ ಸುಮಾರು ಮೂರೂವರೆ ಲೀಟರಿನಲ್ಲಿ ಸುಧಾರಿಸುತ್ತದೆ, ಆದರೆ ಅದರ ತೂಕವೂ ಬೆಲೆಯೂ ಹೆಚ್ಚು. ವರ್ಷಕ್ಕೆ ನೂರಾರು ಗಂಟೆ ಓಡದಿದ್ದರೆ ಆ ಉಳಿತಾಯ ಬೆಲೆಯ ವ್ಯತ್ಯಾಸವನ್ನು ತುಂಬಿಕೊಡುವುದು ಕಷ್ಟ. ಪೆಟ್ರೋಲಿನಲ್ಲೇ ಎಲೆಕ್ಟ್ರಾನಿಕ್ ಇಂಜೆಕ್ಷನ್ ಇರುವ ಎಂಜಿನ್ನುಗಳು ಶೇ. 25ರವರೆಗೆ ಉಳಿಸುತ್ತವೆ ಎಂದು ತಯಾರಕರು ಹೇಳಿಕೊಳ್ಳುವುದುಂಟು. ಅದು ಅನುಕೂಲಕರ ಸ್ಥಿತಿಯ ಗರಿಷ್ಠ ಎಂದು ತಿಳಿದು, ಅದರ ಅರ್ಧವನ್ನೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಶೇ. 10 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಲೀಟರಿಗೆ ಶಕ್ತಿ ಸುಮಾರು ಶೇ. 3 ಕಡಿಮೆ ಇರುವುದರಿಂದ, ಎರಡು ಅಳತೆಗಳನ್ನು ತಾಳೆ ನೋಡುವಾಗ ಇಂಧನ ಒಂದೇ ಬಗೆಯದಾಗಿರಲಿ. ಹಾಗೆ ತಾಳೆ ನೋಡಿದಾಗ ಎಕರೆಯ ಅಂಕಿ ಹಿಂದಿನದಕ್ಕಿಂತ ಶೇ. 15ರಷ್ಟು ಏರಿದ್ದರೆ, ಮೆಕ್ಯಾನಿಕ್‌ನನ್ನು ಕರೆಯುವ ಮೊದಲು ಆ ವಾರದ ಹುಲ್ಲು ಎಷ್ಟೆತ್ತರವಿತ್ತು, ಒದ್ದೆಯಿತ್ತೇ ಎಂದು ನೋಡಿ, ಆಮೇಲೆ ಬ್ಲೇಡು, ಡೆಕ್ಕಿನ ಅಡಿ, ಫಿಲ್ಟರ್ ಈ ಕ್ರಮದಲ್ಲಿ ಪರಿಶೀಲಿಸಿ.