ಆಕೆ ಹೇಳದ ಮಾತು ದಾವೆಯಲ್ಲಿತ್ತು

ಮಂಡ್ಯದಲ್ಲಿ ಸಿವಿಲ್ ವಕೀಲಿಕೆ ಎಂದರೆ ಬಹುಪಾಲು ಪಾಲಿನದೇ ಜಗಳ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವಲ್ಲೆಲ್ಲ ಗುಂಟೆಗುಂಟೆಗೂ ಬೆಲೆ. ಮೊದಲು ಅಣ್ಣತಮ್ಮಂದಿರು ಬರುತ್ತಿದ್ದರು, ಈಗ ಅಕ್ಕತಂಗಿಯರೂ ಬರುತ್ತಾರೆ. ಇಂಥ ದಾವೆಗಳ ಅಚ್ಚು ಹೆಚ್ಚುಕಡಿಮೆ ಒಂದೇ: ವಂಶವೃಕ್ಷ, ಆಸ್ತಿ ಯಾರಿಂದ ಬಂತು, ವ್ಯಾಜ್ಯ ಕಾರಣ, ಅಂದರೆ ದಾವೆ ಹೂಡುವಂತೆ ಮಾಡಿದ ಸಂಗತಿ, ಯಾವಾಗ ಹುಟ್ಟಿತು, ಕೋರಿಕೆ, ಕೊನೆಗೆ ಷೆಡ್ಯೂಲು, ಅಂದರೆ ಆಸ್ತಿಯ ವಿವರಪಟ್ಟಿ. ಬರೆದು ಬರೆದು ಬೇಸರ ಬಂದಿತ್ತು. ಹಾಗಾಗಿ ಕರಡು ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನವನ್ನು ನನ್ನ ಜೂನಿಯರ್ ಹುಡುಗ ತೋರಿಸಿಕೊಟ್ಟಾಗ ನಾನು ಹಿಂದೆಮುಂದೆ ನೋಡಲಿಲ್ಲ. ಒಂದು ಸಂಜೆ ಹಿಡಿಯುತ್ತಿದ್ದ ಕರಡು ಹತ್ತು ನಿಮಿಷಕ್ಕೆ ಬಂತು.

ಎಡವಿದ್ದು ಒಂದು ಹೆಣ್ಣುಮಗಳ ದಾವೆಯಲ್ಲಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಬರೆಯಲು ಆಕೆಯ ಒಪ್ಪಿಗೆಯೂ ಇದೆ. 1989ರಲ್ಲಿ ಮದುವೆ, 2003ರಲ್ಲಿ ತಂದೆಯ ಸಾವು, ಪಿತ್ರಾರ್ಜಿತ ಜಮೀನು ಅಣ್ಣನ ಹೆಸರಿಗೆ ಪೌತಿ ಖಾತೆ, ಅಂದರೆ ಸತ್ತವರ ಖಾತೆ ವಾರಸುದಾರನಿಗೆ ವರ್ಗ. ವರ್ಷವರ್ಷ ಗೌರಿ ಹಬ್ಬಕ್ಕೆ ಬಾಗಿನ ಬರುತ್ತಿತ್ತು, ಆಕೆಯೂ ಸುಮ್ಮನಿದ್ದರು. ಈಚೆಗೆ ಅಣ್ಣ ಇಪ್ಪತ್ತು ಗುಂಟೆ ಮಾರಲು ಹೊರಟ ಸುದ್ದಿ ಕಿವಿಗೆ ಬಿದ್ದ ಮೇಲೆ ನನ್ನ ಕಚೇರಿಯ ಮೆಟ್ಟಿಲು ಹತ್ತಿದರು.

ಸಾಧನಕ್ಕೆ ನಾನು ಕೇಳಿದ ಮೊದಲ ಪ್ರಶ್ನೆ, ಈಕೆಗೆ ಮಗನಷ್ಟೇ ಸಮಪಾಲು ಉಂಟೇ ಎಂದು. ಇಲ್ಲ ಎಂದಿತು. 2005ರ ಸೆಪ್ಟೆಂಬರ್ 9ರಂದು, ಅಂದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ ದಿನ, ತಂದೆ ಬದುಕಿರಬೇಕಿತ್ತಂತೆ. ಇದು ಸುಪ್ರೀಂ ಕೋರ್ಟು 2015ರಲ್ಲಿ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ ಹೇಳಿದ ಮಾತು. ಅದೇ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಅದನ್ನು ತಳ್ಳಿಹಾಕಿದೆ: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಅಂದು ಬದುಕಿದ್ದನೇ ಎಂಬುದು ಪ್ರಶ್ನೆಯೇ ಅಲ್ಲ. ಕರ್ನಾಟಕ 1994ರಲ್ಲೇ ತಂದಿದ್ದ ತಿದ್ದುಪಡಿಯಂತೂ ಅದಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಈಕೆಯಂಥವರ ಪಾಲಿಗೆ ಬಾಗಿಲು ತೆರೆದದ್ದೇ 2005ರ ತಿದ್ದುಪಡಿ ಮತ್ತು 2020ರ ತೀರ್ಪು. ಈ ತಪ್ಪು ನನಗೆ ಕೂಡಲೇ ಕಂಡಿತು, ಏಕೆಂದರೆ ಅದು ನಾನು ದಿನವೂ ಓಡಾಡುವ ದಾರಿ. ತಿದ್ದಿ ಕೇಳಿದೆ, ಕ್ಷಮೆ ಕೇಳಿ ಸರಿಯಾದ ಉತ್ತರ ಕೊಟ್ಟಿತು. ಜೊತೆಗೆ ಬೆಂಬಲಕ್ಕೆಂದು, ಹೈಕೋರ್ಟಿನ ತೀರ್ಪುಗಳನ್ನು ಅಚ್ಚು ಮಾಡುವ ಐಎಲ್‌ಆರ್ ಕರ್ನಾಟಕ ಸಂಪುಟಗಳ ಒಂದು ತೀರ್ಪನ್ನೂ ವರ್ಷ, ಪುಟ ಸಮೇತ ಕೊಟ್ಟಿತು. ವಕೀಲರ ಸಂಘದ ಗ್ರಂಥಾಲಯದಲ್ಲಿ ಸಂಪುಟ ಇಳಿಸಿ ನೋಡಿದರೆ ಆ ಪುಟದಲ್ಲಿದ್ದದ್ದು ವಾಹನ ಅಪಘಾತ ಪರಿಹಾರದ ತೀರ್ಪಿನ ನಡುಭಾಗ.

ಇಲ್ಲದ ತೀರ್ಪಿನ ಕಥೆ ಈಗ ಎಲ್ಲರಿಗೂ ಗೊತ್ತು. ನ್ಯೂಯಾರ್ಕಿನಲ್ಲಿ 2023ರಲ್ಲಿ, ವಿಮಾನಯಾನ ಕಂಪನಿಯೊಂದರ ವಿರುದ್ಧದ ದಾವೆಯಲ್ಲಿ ಇಂಥ ಹುಟ್ಟಿಸಿದ ತೀರ್ಪುಗಳನ್ನು ಸಲ್ಲಿಸಿದ ವಕೀಲರಿಗೆ ಐದು ಸಾವಿರ ಡಾಲರ್ ದಂಡ ಬಿತ್ತು. ನಮ್ಮಲ್ಲೂ 2025ರಲ್ಲಿ ಬೆಂಗಳೂರಿನ ವಿಚಾರಣಾ ನ್ಯಾಯಾಲಯದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಕಾಣಿಸಿಕೊಂಡು ಹೈಕೋರ್ಟು ಕೆಂಗಣ್ಣು ಬಿಟ್ಟಿತು. ಅದೇ ವರ್ಷದ ಜುಲೈನಲ್ಲಿ ಕೇರಳ ಹೈಕೋರ್ಟು ತನ್ನ ಜಿಲ್ಲಾ ನ್ಯಾಯಾಂಗಕ್ಕೆ ನೀತಿಯನ್ನೇ ಹೊರಡಿಸಿ, ತೀರ್ಮಾನಕ್ಕೆ ಬರಲು ಇಂಥ ಸಾಧನ ಬಳಸಕೂಡದು ಎಂದಿತು. ನಮ್ಮ ವಕೀಲರ ಸಂಘದಲ್ಲಿ ಈ ವಿಷಯ ಎತ್ತಿದರೆ ಎಲ್ಲರೂ ಇದೊಂದನ್ನೇ ಮಾತನಾಡುತ್ತಾರೆ. ನನ್ನ ಮಟ್ಟಿಗೆ ಇದು ಸುಲಭದ ತಪ್ಪು. ಪುಸ್ತಕ ತೆರೆದರೆ ಸಿಕ್ಕಿಬೀಳುತ್ತದೆ. ತೆರೆಯದವನು ಯಂತ್ರ ಬರುವ ಮೊದಲೂ ತೆರೆಯುತ್ತಿರಲಿಲ್ಲ, ತೀರ್ಪಿನ ತಲೆಗೆ ಅಚ್ಚಾಗುವ ಸಾರಾಂಶವಾದ ಹೆಡ್‌ನೋಟ್ ಓದಿಯೇ ವಾದ ಮಾಡುತ್ತಿದ್ದ.

ನನಗೆ ಬೆವರು ಬಂದದ್ದು ಬೇರೆ ಕಡೆ. ಕರಡು ಚೆನ್ನಾಗಿತ್ತು, ನನ್ನ ಭಾಷೆಗಿಂತ ಚೆನ್ನಾಗಿತ್ತು. ಕಣ್ಣಾಡಿಸಿ ಮುದ್ರಿಸಿದೆ, ಸಹಿಗೆ ಬರಹೇಳಿದೆ. ಸಹಿಗೆ ಮೊದಲು ಕಕ್ಷಿದಾರರಿಗೆ ದಾವೆ ಓದಿ ಹೇಳುವುದು ನನ್ನ ಸೀನಿಯರ್ ಕಲಿಸಿದ ಅಭ್ಯಾಸ. ಒಂಬತ್ತನೆಯ ಪ್ಯಾರಾ ಓದುತ್ತಿದ್ದೆ: ‘ತಂದೆಯ ಮರಣಾನಂತರ 2004ರಲ್ಲಿ ಹಾಗೂ ತದನಂತರ ಹಲವು ಬಾರಿ ವಾದಿಯು ತನ್ನ ಪಾಲನ್ನು ಕೇಳಿದಾಗ್ಯೂ ಪ್ರತಿವಾದಿಯು ನಿರಾಕರಿಸಿರುತ್ತಾನೆ.’

“ನಾನು ಯಾವಾಗ ಕೇಳಿದೆ ಸ್ವಾಮಿ?” ಎಂದರು ಆಕೆ.

ಕೇಳಿರಲಿಲ್ಲ. ನನಗೂ ಹಾಗೆ ಹೇಳಿರಲಿಲ್ಲ. ನಾನು ಕೊಟ್ಟ ಟಿಪ್ಪಣಿಯಲ್ಲೂ ಇರಲಿಲ್ಲ. ಪಾಲಿನ ದಾವೆ ಎಂದರೆ ಕೇಳಿದ್ದು, ನಿರಾಕರಿಸಿದ್ದು ಇರಲೇಬೇಕು ಎಂದು ಸಾವಿರ ದಾವೆಗಳಿಂದ ಕಲಿತ ಯಂತ್ರ ಖಾಲಿ ಜಾಗ ತುಂಬಿತ್ತು. ಓದುವಾಗ ನನ್ನ ಕಣ್ಣಿಗೂ ಬೀಳಲಿಲ್ಲ, ನಾನೂ ಅಂಥ ಸಾವಿರ ದಾವೆ ಓದಿದವನಲ್ಲವೇ!

ಅದು ಬರೀ ಸುಳ್ಳಾಗಿದ್ದರೆ ಒಂದು ಮಾತು. ಕಾಲಮಿತಿ ಕಾಯ್ದೆಯ 110ನೇ ವಿಧಿಯಂತೆ, ಕೂಡುಕುಟುಂಬದ ಆಸ್ತಿಯಿಂದ ಹೊರಗಿಡಲಾದವರು, ತಮ್ಮನ್ನು ಹೊರಗಿಟ್ಟದ್ದು ತಿಳಿದ ದಿನದಿಂದ 12 ವರ್ಷದೊಳಗೆ ದಾವೆ ಹೂಡಬೇಕು. 2004ರಲ್ಲೇ ಕೇಳಿ ಇಲ್ಲವೆನ್ನಿಸಿಕೊಂಡೆ ಎಂದು ಆಕೆಯೇ ಬರೆದುಕೊಟ್ಟರೆ 2016ಕ್ಕೇ ಅವಧಿ ಮುಗಿಯಿತು ಎಂದು ಎದುರು ವಕೀಲರು ಎದ್ದು ನಿಲ್ಲುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಇನ್ನು ಆಕೆ ಪಾಟೀಸವಾಲಿನಲ್ಲಿ ‘ನಾನು ಕೇಳೇ ಇಲ್ಲ’ ಎಂದು ನಿಜ ಹೇಳಿದರೆ, ತನ್ನದೇ ಪ್ರಮಾಣಪತ್ರಕ್ಕೆ ವಿರುದ್ಧ ಸಾಕ್ಷಿ ಹೇಳಿದಂತೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರನೇ ಆದೇಶ, 15ನೇ ನಿಯಮದ ಸತ್ಯಾಪನೆಯಲ್ಲಿ, ಅಂದರೆ ದಾವೆಯ ಮಾತು ನಿಜವೆಂದು ಕಕ್ಷಿದಾರರು ಸಹಿ ಹಾಕುವ ಭಾಗದಲ್ಲಿ, ಯಾವ ಪ್ಯಾರಾ ಸ್ವಂತ ತಿಳಿವಳಿಕೆಯಿಂದ, ಯಾವುದು ನಂಬಿದ ಮಾಹಿತಿಯಿಂದ ಎಂದು ಹೇಳಬೇಕು. ಒಂಬತ್ತನೆಯ ಪ್ಯಾರಾ ಯಾರ ತಿಳಿವಳಿಕೆ? ಆಕೆಯದಲ್ಲ, ನನ್ನದೂ ಅಲ್ಲ.

ಆ ಹಾಳೆ ಹರಿದು, ಮಾರಾಟದ ಸುದ್ದಿ ತಿಳಿದ ದಿನದಿಂದ ವ್ಯಾಜ್ಯ ಕಾರಣವನ್ನು ಕೈಯಲ್ಲೇ ಬರೆದೆ. ಅಂದಿನಿಂದ ಕ್ರಮ ಬದಲಾಯಿಸಿಕೊಂಡಿದ್ದೇನೆ. ಸಂಗತಿಯ ಪ್ಯಾರಾಗಳನ್ನು ಕಕ್ಷಿದಾರರ ಎದುರೇ ಕೂತು ಬರೆಯುತ್ತೇನೆ. ಯಂತ್ರಕ್ಕೆ ಕೊಡುವುದು ಕಾನೂನಿನ ಭಾಗ, ಭಾಷೆಯ ತಿದ್ದುಪಡಿ, ಕಾಲಾನುಕ್ರಮ ಪಟ್ಟಿ, ಇಷ್ಟೇ. ಅದು ಸೇರಿಸಿದ ಪ್ರತಿ ವಾಕ್ಯಕ್ಕೂ ಕೆಂಪು ಪೆನ್ನಿನಲ್ಲಿ ‘ಹೇಳಿದವರು ಯಾರು?’ ಎಂದು ಬರೆದುಕೊಳ್ಳುತ್ತೇನೆ. ಇದರಿಂದ ಉಳಿತಾಯವಾಗುವ ಸಮಯ ಹತ್ತು ನಿಮಿಷಕ್ಕಿಂತ ಹೆಚ್ಚು, ಆದರೆ ಒಂದು ಗಂಟೆಯಷ್ಟೂ ಇಲ್ಲ. ಸುಮ್ಮನೆ ಹೊಗಳಿಕೊಳ್ಳುವುದೇಕೆ.

ಅನುವಾದದಲ್ಲೂ ಹೀಗೆಯೇ. ಇಲ್ಲಿಯ ದಾಖಲೆಗಳೆಲ್ಲ ಕನ್ನಡದಲ್ಲಿ, ಹೈಕೋರ್ಟಿನ ಮೇಲ್ಮನವಿಗೆ ಇಂಗ್ಲಿಷ್ ಪ್ರತಿ ಬೇಕು. ‘ಹಕ್ಕು ಖುಲಾಸೆ ಪತ್ರ’ವನ್ನು, ಅಂದರೆ ರಿಲೀಸ್ ಡೀಡನ್ನು, ನನ್ನ ಸಾಧನ ‘ಅಕ್ವಿಟಲ್’ ಎಂದು ಮಾಡಿತು, ಕ್ರಿಮಿನಲ್ ಕೇಸಿನ ಆರೋಪಿ ಖುಲಾಸೆಯಾದಂತೆ! ಪಹಣಿಯ ಖರಾಬು ‘ಹಾಳಾದ ಜಮೀನು’ ಆಯಿತು. ಸಾಗುವಳಿಗೆ ಬಾರದ, ಕಂದಾಯದಿಂದ ಹೊರಗಿಟ್ಟ ಭಾಗ ಅದು ಎಂದು ಮಂಡ್ಯದ ಯಾವ ರೈತನಾದರೂ ಹೇಳಿಯಾನು. ನಗು ಬರುತ್ತದೆ ನಿಜ. ಆದರೆ ಇಂಗ್ಲಿಷ್ ಪ್ರತಿಯ ಕೊನೆಯಲ್ಲಿ ‘ಇದು ನಿಜವಾದ ಅನುವಾದ’ ಎಂದು ಸಹಿ ಮಾಡುವುದು ನಾನು.

ಇನ್ನೊಂದು ತಪ್ಪನ್ನು ನಾಚಿಕೆಯಿಂದಲೇ ಹೇಳಬೇಕು. ಆ ಮೊದಲ ದಿನ ಆಕೆಯ ಕಾಗದಗಳನ್ನು ಹಾಗೆಹಾಗೆಯೇ ಫೋಟೋ ತೆಗೆದು ಏರಿಸಿಬಿಟ್ಟಿದ್ದೆ, ಆಧಾರ್ ಜೆರಾಕ್ಸ್ ಸಮೇತ. ಕಕ್ಷಿದಾರ ವಕೀಲನಿಗೆ ಹೇಳಿದ್ದು ಗುಟ್ಟು ಎಂದು 1872ರ ಸಾಕ್ಷ್ಯ ಕಾಯ್ದೆಯ 126ನೇ ಕಲಂ ಹೇಳುತ್ತಿತ್ತು. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 132. ನನ್ನ ಗುಮಾಸ್ತನಿಗೂ ಅದು ಅನ್ವಯಿಸುತ್ತದೆ. ಎಲ್ಲೋ ದೂರದೇಶದ ಸರ್ವರಿಗೆ ಕಳುಹಿಸುವಾಗ ನನಗೇಕೆ ಅದು ನೆನಪಾಗಲಿಲ್ಲ? ಗುಮಾಸ್ತ ಟೀ ಅಂಗಡಿಯಲ್ಲಿ ಕಕ್ಷಿದಾರರ ಮನೆ ಸುದ್ದಿ ಆಡಿದ್ದಕ್ಕೆ ಗದರಿದ್ದವನು ನಾನೇ. ಈಗ ಹೆಸರು, ಊರು, ಸರ್ವೆ ನಂಬರು ತೆಗೆದು ‘ಅ’, ‘ಬ’ ಎಂದು ಕೊಡುತ್ತೇನೆ. ಹೆಸರೊಂದನ್ನು ತೆಗೆದರೆ ಸಾಲದು. ಸರ್ವೆ ನಂಬರು ಇದ್ದರೆ ಪಹಣಿ ತೆಗೆದು ಯಾರ ಮನೆಯದೆಂದು ಯಾರು ಬೇಕಾದರೂ ಹೇಳಬಹುದು.

ಕಕ್ಷಿದಾರರಿಗೂ ತಿಳಿಸುತ್ತೇನೆ. ವಕಾಲತ್ತಿಗೆ ಸಹಿ ಹಾಕಿಸುವಾಗಲೇ, ಕರಡಿಗೆ ಕಂಪ್ಯೂಟರಿನ ನೆರವು ಪಡೆಯುತ್ತೇನೆ, ತಪ್ಪಾದರೆ ಹೊಣೆ ನನ್ನದು, ಬೇಡವೆಂದರೆ ಬಿಡುತ್ತೇನೆ ಎನ್ನುತ್ತೇನೆ. ಹೀಗೆ ಹೇಳಿದರೆ ನಂಬಿಕೆ ಹೋಗುತ್ತದೆ ಎಂದು ಸ್ನೇಹಿತರೊಬ್ಬರು ಎಚ್ಚರಿಸಿದ್ದರು. ಈ ಹೆಣ್ಣುಮಗಳು ಪೂರ್ತಿ ಕೇಳಿಸಿಕೊಂಡು, “ಅದಕ್ಕೂ ಬೇರೆ ಫೀಸು ಕೊಡಬೇಕೇ ಸ್ವಾಮಿ?” ಎಂದರು. ಟೈಪಿಂಗ್ ಖರ್ಚೆಂದು ಬರೆದುಕೊಂಡಿದ್ದ ಮೊತ್ತವನ್ನು ಹೊಡೆದುಹಾಕಿದೆ.

ತಿದ್ದಿದ ದಾವೆಯನ್ನು ಮರುದಿನ ಮತ್ತೆ ಓದಿದೆ. ಈ ಸಲ ಷೆಡ್ಯೂಲಿನ ಚೆಕ್ಕುಬಂದಿಯವರೆಗೂ, ನಿಧಾನವಾಗಿ. ‘ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಸೀಳುನಾಲೆ’ ಎಂದಾಗ ಆಕೆ ಕೈ ಅಡ್ಡ ಹಿಡಿದರು. “ನಾಲೆ ಹೊತ್ತು ಹುಟ್ಟುವ ಕಡೆ ಇರುವುದು. ಬಟ್ಟೆ ಒಗೆಯುವಾಗ ಬೆಳಗಿನ ಬಿಸಿಲು ಕಣ್ಣಿಗೇ ಹೊಡೆಯುತ್ತಿತ್ತು.” ಹಳೆಯ ಕ್ರಯಪತ್ರ ತೆಗೆದು ನೋಡಿದೆ. ಅದರಲ್ಲಿ ಸರಿಯಾಗಿಯೇ ಇತ್ತು. ಟಿಪ್ಪಣಿ ಮಾಡಿಕೊಳ್ಳುವಾಗ ತಿರುಗಾಮುರುಗಾ ಬರೆದುಕೊಂಡವನು ನಾನೇ. ಯಂತ್ರ ಅದನ್ನು ಅಕ್ಷರ ತಪ್ಪದೆ ನಕಲು ಮಾಡಿತ್ತು.